ಗಡ್ಡದ ಸ್ವಾಮಿಗಳು ಇಟ್ಟುಹೋದ ಡಬ್ಬಿ

ಕೊಡಿಗೇಹಳ್ಳಿ
21 ಏಪ್ರಿಲ್ 2025

ಫಾದರ್ ಚೌರಪ್ಪನವರಿಗೆ,

ಇಷ್ಟು ಬರೆದು ಪೆನ್ನು ಕೆಳಗಿಟ್ಟು ನಕ್ಕೆ. ಏಳನೇ ತರಗತಿಯಲ್ಲಿ ಭಾಗಾಕಾರ ಬರದೆ ಬೆಂಚಿನ ಮೇಲೆ ನಿಂತವನಿಗೆ ನಾನು ಬಹುವಚನ ಹಾಕಬೇಕೇ? ಪ್ಯಾರಿಸ್ಸಿನಲ್ಲಿ ನಿನ್ನನ್ನು ಯಾರು ಹೇಗೆ ಬೇಕಾದರೂ ಕರೆಯಲಿ, ನನ್ನ ಕಾಗದದಲ್ಲಿ ನೀನು ಚೌರಿ.

ಫೋನು ಮಾಡಬಹುದಿತ್ತು. ಆದರೆ ಈ ವಿಷಯ ಕಾಗದದಲ್ಲೇ ಆಗಬೇಕೆಂದು ನಮ್ಮ ಅತ್ತೆ ಮುನಿವೆಂಕಟಮ್ಮನವರ ಆಜ್ಞೆ. ಎಂಬತ್ತಾರು ವರ್ಷ, ಅಕ್ಷರ ಬರುವುದಿಲ್ಲ, ಆದರೂ ಕಾಗದದಲ್ಲಿ ಇಲ್ಲದ್ದು ಅವರಿಗೆ ಮಾತೇ ಅಲ್ಲ.

ವಿಷಯ ನಮ್ಮ ಮನೆಯ ಡಬ್ಬಿಯದು. ನಿನಗೆ ಗೊತ್ತಿರುವುದೇ. 1898ರ ಪ್ಲೇಗಿನಲ್ಲಿ ಊರು ಖಾಲಿ ಮಾಡಿ ಜನ ಹೊಲದಲ್ಲಿ ಗುಡಿಸಲು ಹಾಕಿಕೊಂಡಾಗ, ಫ್ರಾನ್ಸಿನ ಪಾದ್ರಿಯೊಬ್ಬರು ರೋಗಿಗಳ ಶೆಡ್ಡಿಗೆ ಹೊರಟರು. ನಮ್ಮವರ ಬಾಯಲ್ಲಿ ಅವರು ಗಡ್ಡದ ಸ್ವಾಮಿಗಳು. ಹೋಗುವ ಮುಂಚೆ ನನ್ನ ಮಾವನವರ ತಾತ ಪಿಳ್ಳಪ್ಪನವರ ಕೈಗೆ ಡಬ್ಬಿ ಕೊಟ್ಟು, "ಇಟ್ಟುಕೊಂಡಿರಿ, ಬಂದು ತೆಗೆದುಕೊಳ್ಳುತ್ತೇನೆ" ಅಂದರಂತೆ. ಬರಲಿಲ್ಲ, ಶೆಡ್ಡಿನಲ್ಲೇ ತೀರಿಕೊಂಡರು. ಅಂದಿನಿಂದ ಅದರೊಳಗಿನ ಯೇಸುವಿನ ಶಿಲುಬೆಯ ಚೂರು ನಮ್ಮ ದೇವರ ಗೂಡಿನಲ್ಲಿ ಮುನೇಶ್ವರನ ಪಕ್ಕದಲ್ಲಿದೆ. ಕುಂಕುಮದ ಭರಣಿಯಷ್ಟು ದೊಡ್ಡ ಹಿತ್ತಾಳೆ ಡಬ್ಬಿ, ಮುಂದೆ ಗಾಜು, ಒಳಗೆ ಅಕ್ಕಿಕಾಳಿನಷ್ಟು ಕಪ್ಪು ಮರ. ವರ್ಷಕ್ಕೊಮ್ಮೆ ಶುಭ ಶುಕ್ರವಾರ ನಿಮ್ಮ ಜನ ನಮ್ಮ ಜಗುಲಿಗೆ ಬರುತ್ತಾರೆ. ಅತ್ತೆ ಡಬ್ಬಿಯನ್ನು ಈಚೆ ತರುತ್ತಾರೆ, ಒಬ್ಬೊಬ್ಬರಾಗಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ.

ಮೊನ್ನೆ ಶುಕ್ರವಾರ ನಿಮ್ಮ ಚರ್ಚಿನ ಹೊಸ ಫಾದರ್ ಕೂಡ ಬಂದಿದ್ದರು. ಅತ್ತೆ ಇದ್ದಕ್ಕಿದ್ದ ಹಾಗೆ, "ಸ್ವಾಮಿ, ಕೊಟ್ಟೋರು ಬರ್ಲಿಲ್ಲ. ನೀವಾರಾ ತಗೊಂಡೋಗಿ. ನಾನ್ ಕಣ್ ಮುಚ್ಚೋಕ್ ಮುಂಚೆ ನಮ್ ತಾತ ಕೊಟ್ ಮಾತು ತೀರ್ಬೇಕು" ಅಂದುಬಿಟ್ಟರು. ಫಾದರ್‌ಗೆ ಸಂತೋಷವೋ ಸಂತೋಷ. ಸೆಪ್ಟೆಂಬರ್ ಹದಿನಾಲ್ಕಕ್ಕೆ ಪವಿತ್ರ ಶಿಲುಬೆಯ ಹಬ್ಬ, ಚರ್ಚಿಗೂ ನೂರಿಪ್ಪತ್ತೈದು ವರ್ಷ. ಅಂದೇ ಪೂಜೆಯ ಪೀಠದ ಮೇಲಿಡೋಣ, ಆದರೆ ಇದು ಎಲ್ಲಿಂದ ಬಂತೆಂಬುದಕ್ಕೆ ದಾಖಲೆ ಬೇಕು ಎಂದರು.

ಹಳೇ ಮಿಷನ್ನಿನ ಕಾಗದಗಳ ಮಧ್ಯೆಯೇ ನಿನ್ನ ವಾಸವಂತೆ. ಹುಡುಕು. ಅತ್ತೆಗೆ ಇನ್ನೊಂದು ಆಸೆ ಉಳಿದಿಲ್ಲ.

ನಿನ್ನ ನಾಗಲಕ್ಷ್ಮಿ ಟೀಚರ್


ಪ್ಯಾರಿಸ್
9 ಮೇ 2025

ಪ್ರೀತಿಯ ಟೀಚರ್,

ಭಾಗಾಕಾರ ಈಗ ಬರುತ್ತದೆ. ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ನಿಮ್ಮನ್ನು ಎಂದೋ ಕ್ಷಮಿಸಿದ್ದೇನೆ, ಅದು ನನ್ನ ಕೆಲಸದ ಭಾಗ.

ಹುಡುಕುತ್ತೇನೆ, ಸಿಕ್ಕೇ ಸಿಗುತ್ತದೆ. ಆ ಕಾಲದ ಫ್ರೆಂಚ್ ಪಾದ್ರಿಗಳು ಕೋಳಿ ಕೊಂಡರೂ ಬರೆದಿಡುತ್ತಿದ್ದರು. ಆದರೆ ಅಷ್ಟರಲ್ಲಿ ನಿಮ್ಮ ಅತ್ತೆಯವರಿಗೆ ಒಂದು ಕಥೆ ಓದಿ ಹೇಳಿ. ಸಾವಿರದ ಏಳುನೂರು ವರ್ಷಗಳ ಹಿಂದೆ ರೋಮಿನ ಚಕ್ರವರ್ತಿಯ ತಾಯಿ ಹೆಲೆನಾ, ಹೆಚ್ಚುಕಡಿಮೆ ಅವರದೇ ವಯಸ್ಸಿನವಳು, ಜೆರುಸಲೇಮಿಗೆ ಹೋಗಿ ನೆಲ ಅಗೆಸಿದಳಂತೆ. ಒಂದಲ್ಲ, ಮೂರು ಶಿಲುಬೆ ಸಿಕ್ಕವು. ಯೇಸುವಿನದು ಯಾವುದು, ಅಕ್ಕಪಕ್ಕದ ಕಳ್ಳರದು ಯಾವುದು? ಸಾಯುತ್ತಿದ್ದ ಹೆಂಗಸೊಬ್ಬಳಿಗೆ ಒಂದೊಂದಾಗಿ ಮುಟ್ಟಿಸಿದರು. ಮೂರನೆಯದಕ್ಕೆ ಆಕೆ ಎದ್ದು ಕುಳಿತಳು. ಇದು ಜನ ಹೇಳಿಕೊಂಡು ಬಂದದ್ದು, ಚರಿತ್ರೆ ಇಷ್ಟು ಸಲೀಸಾಗಿ ಒಪ್ಪುವುದಿಲ್ಲ. ಆದರೆ ಅದೇ ಶತಮಾನದಲ್ಲಿ ಜೆರುಸಲೇಮಿಗೆ ಹೋದ ಯಾತ್ರಿಕಳೊಬ್ಬಳು ಬರೆದಿಟ್ಟದ್ದು ಈಗಲೂ ಇದೆ. ಶಿಲುಬೆಗೆ ಮುತ್ತಿಡಲು ಬಾಗಿದವನೊಬ್ಬ ಅದನ್ನು ಕಚ್ಚಿ, ಚೂರನ್ನು ಬಾಯಲ್ಲಿಟ್ಟುಕೊಂಡು ಹೋಗಿದ್ದನಂತೆ. ಆಮೇಲಿಂದ ಕಾವಲು ಹಾಕಿದರಂತೆ.

ಹೀಗೆ ಚೂರು ಚೂರಾಗಿ ಯುರೋಪೆಲ್ಲ ತುಂಬಿ, ಎಲ್ಲ ಸೇರಿಸಿದರೆ ಹಡಗು ಕಟ್ಟಬಹುದು ಎಂದು ಜನ ನಗುವಂತಾಯಿತು. ಅದಕ್ಕೇ ಡಬ್ಬಿಯ ಹಿಂದಿನ ಮುಚ್ಚಳಕ್ಕೆ ಕೆಂಪು ರೇಷ್ಮೆ ದಾರ ಕಟ್ಟಿ, ಅರಗಿನ ಮೊಹರು ಒತ್ತುವ ಪದ್ಧತಿ ಬಂತು. ಮೊಹರು ಒಡೆದರೆ ಒಳಗಿರುವುದನ್ನು ಪೀಠದ ಮೇಲಿಡುವಂತಿಲ್ಲ. ನಾನೂ ಆ ಡಬ್ಬಿ ನೋಡಿದ್ದೇನೆ, ಆದರೆ ಮುಂದಿನಿಂದ ಮಾತ್ರ. ಹಿಂಭಾಗದ ಒಂದು ಫೋಟೋ ಕಳಿಸಿ, ಯಾರಾದರೂ ತೆರೆದಿದ್ದರೆ ಅದನ್ನೂ ತಿಳಿಸಿ.

ಚೌರಿ


ಕೊಡಿಗೇಹಳ್ಳಿ
28 ಮೇ 2025

ಚೌರಿ,

ಹಿಂದಿನದು, ಮುಂದಿನದು ಎರಡೂ ಫೋಟೋ ಇದರ ಜೊತೆಗಿವೆ. ಮೊಹರು ಇಲ್ಲ. ದಾರ ಇದೆ, ಆದರೆ ಕೆಂಪು ರೇಷ್ಮೆಯದಲ್ಲ, ಅರಿಶಿನದ ದಾರ.

ನೀನು ಕೇಳುವ ಮುಂಚೆ ನಾನೇ ಹೇಳುತ್ತೇನೆ. ಗೌರಿ ಹಬ್ಬದ ಹಿಂದಿನ ದಿನ ನಮ್ಮ ಮನೆಯಲ್ಲಿ ದೇವರ ಸಾಮಾನನ್ನೆಲ್ಲ ಬಚ್ಚಲಿಗೆ ತಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತೇವೆ. ದೀಪ, ತಂಬಿಗೆ, ಗಂಟೆ, ಅವುಗಳ ಜೊತೆ ನಿಮ್ಮ ಡಬ್ಬಿಯೂ. ಅದೊಂದನ್ನು ಮಾತ್ರ ಕಿಲುಬು ಹಿಡಿಯಲು ಬಿಡುವುದೇ? ನೂರಿಪ್ಪತ್ತೇಳು ಸಲ ತಿಕ್ಕಿದರೆ ಯಾವ ಅರಗು ನಿಲ್ಲುತ್ತದೆ? ದಾರ ಕೊಳೆತ ಹಾಗೆಲ್ಲ ಹೊಸದು ಕಟ್ಟಿದ್ದೇವೆ. ನಾವು ಮಾಡಿದ್ದು ಮರ್ಯಾದೆ. ಅದೇ ತಪ್ಪಾಯಿತು ಅನ್ನುವುದಾದರೆ ಅನ್ನು, ನಾನು ಒಪ್ಪುವುದಿಲ್ಲ.

ನಿನ್ನ ಕಾಗದದ ಕೊನೆಯ ಸಾಲು ಮಾತ್ರ ನನಗೆ ಚುಚ್ಚಿತು. "ಯಾರಾದರೂ ತೆರೆದಿದ್ದರೆ" ಅಂದರೆ ಏನರ್ಥ? ಕಚ್ಚಿಕೊಂಡು ಹೋದವನ ಕಥೆ ಹೇಳಿ ಅದರ ಬೆನ್ನಿಗೇ ನಮ್ಮನ್ನು ಕೇಳುತ್ತೀಯಾ? ಅತ್ತೆಗೆ ಓದಿ ಹೇಳುತ್ತಿದ್ದೆ. ಊಟಕ್ಕೆ ಕುಳಿತಿದ್ದವರು ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಎದ್ದು ಒಳಗೆ ಹೋದರು. ಅವರಿಗೆ ಎಷ್ಟು ಅವಮಾನ ಆಗಿರಬೇಕು ಯೋಚಿಸು. ಈ ಮನೆಯಲ್ಲಿ ಅದನ್ನು ಯಾರೂ ತೆರೆದಿಲ್ಲ.

ನಾಗಲಕ್ಷ್ಮಿ


ಪ್ಯಾರಿಸ್
24 ಜೂನ್ 2025

ಟೀಚರ್,

ಬೆಂಚಿನ ಮೇಲೆ ನಿಂತೇ ಬರೆಯುತ್ತಿದ್ದೇನೆ ಅಂದುಕೊಳ್ಳಿ. ತಪ್ಪಾಯಿತು. ಅಜ್ಜಿಯವರಿಗೂ ಹೇಳಿ.

ಈಗ ಒಳ್ಳೆಯ ಸುದ್ದಿ. ಸಿಕ್ಕಿತು! ಗಡ್ಡದ ಸ್ವಾಮಿಗಳ ಹೆಸರು ಫಾದರ್ ಮೊರೆಲ್. ಶೆಡ್ಡಿಗೆ ಹೊರಡುವ ಹಿಂದಿನ ದಿನ ಫ್ರಾನ್ಸಿನಲ್ಲಿದ್ದ ತಂಗಿಗೆ ಬರೆದ ಕಾಗದ ಇಲ್ಲಿನ ಕಟ್ಟೊಂದರಲ್ಲಿತ್ತು. ಕನ್ನಡಕ್ಕೆ ತಂದಿದ್ದೇನೆ: "ಶಿಲುಬೆಯ ಚೂರನ್ನು ಪಿಳ್ಳಪ್ಪ ಎಂಬ ರೈತನ ಬಳಿ ಬಿಟ್ಟಿದ್ದೇನೆ. ಅವನು ನಮ್ಮ ದೇವರಿಗೆ ಪ್ರಾರ್ಥನೆ ಮಾಡುವವನಲ್ಲ. ಆದರೆ ನಾನು ಡಬ್ಬಿ ಚಾಚಿದಾಗ, ತಾಳಿ ಎಂದು ಹೇಳಿ ಒಳಗೆ ಹೋಗಿ ಕೈ ತೊಳೆದುಕೊಂಡು ಬಂದ. ಇನ್ನು ನನಗೆ ಚಿಂತೆಯಿಲ್ಲ."

ಇದನ್ನು ಓದಿ ನಾನು ಎದ್ದು ಆ ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಚೂರಿನ ಹಳೆಯ ಪ್ರಮಾಣಪತ್ರದ ನಕಲೂ ಸಿಕ್ಕಿದೆ: ಅಕ್ಕಿಕಾಳಿನಷ್ಟು ಉದ್ದ, ಹೊಗೆಸೊಪ್ಪಿನಷ್ಟು ಕಪ್ಪು. ನಿಮ್ಮ ಫೋಟೋದಲ್ಲಿ ಇರುವುದೂ ಅದೇ. ಮೊಹರು ಹೋಗಿದ್ದರೂ, ಇದೇ ಅದು ಎಂದು ಖಾತ್ರಿಯಾದರೆ ಬಿಷಪ್ಪರು ಹೊಸ ಮೊಹರು ಹಾಕಬಹುದು. ಅದಕ್ಕೆ ಇನ್ನೊಂದೇ ಕಾಗದ ಸಾಕು. ಮನೆಯ ಹಿರಿಯರು, ಅಂದರೆ ಅಜ್ಜಿ, "ನಾನು ಈ ಮನೆಗೆ ಬಂದಾಗಿನಿಂದ ಒಳಗಿನದ್ದು ಬದಲಾಗಿಲ್ಲ" ಎಂದು ದೇವರ ಮೇಲೆ ಪ್ರಮಾಣ ಮಾಡಿ ಹೆಬ್ಬೆಟ್ಟು ಒತ್ತಬೇಕು. ನಮೂನೆ ಇದರ ಜೊತೆಗಿದೆ.

ಕೆಲಸ ಆಯಿತು ಅಂದುಕೊಳ್ಳಿ.

ಚೌರಿ


ಕೊಡಿಗೇಹಳ್ಳಿ
14 ಜುಲೈ 2025

ಚಿರಂಜೀವಿ ಚೌರಿಗೆ,

ಬೆಂಚಿನಿಂದ ಇಳಿ. ಪಿಳ್ಳಪ್ಪನವರು ಕೈ ತೊಳೆದುಕೊಂಡು ಬಂದದ್ದನ್ನು ಅತ್ತೆಗೆ ಓದಿ ಹೇಳಿದೆ. ಫಾದರ್‌ಗೆ ತೋರಿಸಿದೆ, ಅವರು ಹಬ್ಬದ ಕರೆಯೋಲೆ ಅಚ್ಚಿಗೆ ಕೊಟ್ಟೇಬಿಟ್ಟರು. ನಿನ್ನ ಅಮ್ಮ ಜಪಮಾಲಮ್ಮ ಈಗಿನಿಂದಲೇ ಬೀದಿಯವರಿಗೆಲ್ಲ, "ನನ್ ಮಗ ಪ್ಯಾರಿಸ್ಸಿಂದ ಕಂಡಿಡ್ದವ್ನೆ" ಎಂದು ಹೇಳಿಕೊಂಡು ಓಡಾಡುತ್ತಿದ್ದಾಳೆ.

ಎಲ್ಲ ಸರಿ. ಒಂದೇ ತೊಡಕು, ಅತ್ತೆ ಹೆಬ್ಬೆಟ್ಟು ಒತ್ತುತ್ತಿಲ್ಲ.

ಯಾಕೆ ಎಂದರೆ "ಒತ್ತಲ್ಲ ಅಂದ್ಮೇಲೆ ಒತ್ತಲ್ಲ" ಅನ್ನುತ್ತಾರೆ. ನನಗೆ ಕಾರಣ ಗೊತ್ತು. ಮೂವತ್ತು ವರ್ಷದ ಹಿಂದೆ ಮಾವನವರ ತಮ್ಮ ಪಹಣಿ ಸರಿಮಾಡಿಸುತ್ತೇನೆಂದು ಒಂದು ಕಾಗದಕ್ಕೆ ಇವರ ಹೆಬ್ಬೆಟ್ಟು ಒತ್ತಿಸಿಕೊಂಡರು. ಎರಡು ಎಕರೆ ದ್ರಾಕ್ಷಿ ತೋಟ ಹೋಗಿ ಲೇಔಟ್ ಆಯಿತು. ಈ ಕಡೆಯ ಹಳೇ ಮನೆಗಳಲ್ಲಿ ಯಾವ ಮುದುಕಿಯನ್ನು ಕೇಳಿದರೂ ಇಂಥದ್ದೊಂದು ಇರುತ್ತದೆ. ಅಂದಿನಿಂದ ಇವರು ಮಸಿ ಡಬ್ಬಿ ಕಂಡರೆ ಕೈಯನ್ನು ಸೆರಗಿನೊಳಗೆ ಹಾಕಿಕೊಳ್ಳುತ್ತಾರೆ. ಊಟವನ್ನೂ ಕಡಿಮೆ ಮಾಡಿದ್ದಾರೆ.

ನೀನೇ ಅವರಿಗೆ ಒಂದು ಕಾಗದ ಬರೆ. ನಿನ್ನ ಮಾತು ಕೇಳುತ್ತಾರೆ.

ನಾಗಲಕ್ಷ್ಮಿ


ಪ್ಯಾರಿಸ್
3 ಆಗಸ್ಟ್ 2025

ಅಜ್ಜಿಯವರಿಗೆ,

ಕಾಲುವೆ ದಂಡೆ ಮೇಲಿನ ಮನೆ ಇನ್ನಾಸಪ್ಪನ ಮಗ ಚೌರಪ್ಪ ನಮಸ್ಕಾರ ಮಾಡುತ್ತೇನೆ. ನನ್ನ ಅಪ್ಪ ನಿಮ್ಮ ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡಿದವನು.

ಅಜ್ಜಿ, ಈ ಹೆಬ್ಬೆಟ್ಟಿನಿಂದ ನಿಮ್ಮ ಒಂದು ಗುಂಟೆಯೂ ಆಚೆ ಹೋಗುವುದಿಲ್ಲ. ಬೇಕಾದರೆ ನಾನೇ ಬರೆದುಕೊಡುತ್ತೇನೆ.

ನಾನು ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಮೂರನೇ ಕ್ಲಾಸಿನಲ್ಲಿದ್ದಾಗ ನನಗೆ ಹದಿನೆಂಟು ದಿನ ಜ್ವರ. ಡಾಕ್ಟರು ಕೈಬಿಟ್ಟಿದ್ದರು. ಅಮ್ಮ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ನಿಮ್ಮ ಜಗುಲಿಗೆ ಬಂದಳು. ಅಂದು ಶುಭ ಶುಕ್ರವಾರ ಅಲ್ಲ. ನೀವು ರಾಗಿ ಕೇರುತ್ತಿದ್ದಿರಿ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೊರ ಕೆಳಗಿಟ್ಟು, ಕೈ ತೊಳೆದು, ಡಬ್ಬಿ ತಂದು ನನ್ನ ಹಣೆಗೆ ಒತ್ತಿ ಹಿಡಿದಿರಿ. ಅದರ ತಣುಪು ಇವತ್ತಿಗೂ ನನಗೆ ನೆನಪಿದೆ. ಮೂರನೇ ದಿನ ಜ್ವರ ಬಿಟ್ಟಿತು. ಶಿಲುಬೆಯ ಚೂರು ನನ್ನನ್ನು ಮುಟ್ಟಿತು, ಇನ್ನು ನಾನು ಯೇಸುವಿನವನೇ ಎಂದು ಆಗಲೇ ತೀರ್ಮಾನಿಸಿದೆ. ಪಾದ್ರಿಯಾದದ್ದು ಅದಕ್ಕೇ.

ಆ ಡಬ್ಬಿಗೆ ನಾನು ಋಣಿ. ಅದನ್ನು ಪೀಠದ ಮೇಲೆ ನೋಡಬೇಕು ಅಜ್ಜಿ. ಒತ್ತಿಬಿಡಿ.

ನಿಮ್ಮ ಚೌರಪ್ಪ


ಕೊಡಿಗೇಹಳ್ಳಿ
25 ಆಗಸ್ಟ್ 2025

ಚೌರಿ, ನಾಳೆ ಗೌರಿ ಹಬ್ಬ. ಬೆಳಿಗ್ಗೆ ದೇವರ ಸಾಮಾನು ತಿಕ್ಕಲು ಕುಳಿತಾಗ ಅತ್ತೆ ನನ್ನ ಕೈ ಹಿಡಿದು, "ಕಾಗ್ದ ತಗೊಂಬಾ" ಎಂದರು. ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ. ತಿದ್ದಬಾರದಂತೆ.

ಅಪ್ಪಾ ಚೌರಪ್ಪ, ನಿನ್ ಕಾಗ್ದ ಎಲ್ಡ್ ಸಲ ಓದಿಸ್ದೆ. ಜ್ವರದ್ ಇಸ್ಯ ನೀನ್ ಬರೀದೆ ಇದ್ದಿದ್ರೆ ನಾನ್ ಬಾಯ್ ಬುಡ್ತಿರ್ಲಿಲ್ಲ.

ನಾನ್ ಈ ಮನೆಗ್ ಬಂದಾಗ ಅದಿನೈದ್ ವರ್ಸ. ಮೊದ್ಲುನೇ ಗೌರಿ ಅಬ್ಬ. ದೇವ್ರ ಸಾಮಾನ್ ತಿಕ್ಕೋದು ಒಸಾ ಸೊಸೆ ಕೆಲ್ಸ. ಎಲ್ಲಾ ಫಳಫಳ ಅಂತಿತ್ತು, ಈ ಡಬ್ಬಿ ಗಾಜ್ ಮಾತ್ರ ಒಳಗಿಂದ ಮಬ್ಬು. ಅತ್ತೆ ಬೈತಾಳೆ ಅಂತ ದಾರ ಬಿಚ್ಚಿ ಇಂದಿನ್ ಮುಚ್ಳ ತೆಗ್ದೆ. ಒಳ್ಗಿದ್ ಚೂರು ಬಚ್ಲಿಗ್ ಬಿತ್ತು. ತಂಬ್ಗೆ ನೀರ್ ಆಗ್ತಾನೆ ಸುರ್ದಿದ್ದೆ. ನೀರಿನ್ ಜೊತೆ ತೋಟುದ್ ಕಾಲ್ವೆಗ್ ಓಯ್ತು. ಕೆಸರೆಲ್ಲ ಬೆಳ್ಳಲ್ಲಿ ಉಡುಕ್ದೆ, ಸಿಗ್ಲಿಲ್ಲ.

ತಲೆಬಾಗ್ಲು ಒಸ್ಲು ಒನ್ನೆ ಮರದ್ದು. ಎಣ್ಣೆ ಅರಿಸ್ನ ಕುಡ್ದು ಕಪ್ಪಾಗಿತ್ತು. ಕುಡ್ಲು ಮೊನೆಲಿ ಅಕ್ಕಿಕಾಳಷ್ಟು ಚಕ್ಕೆ ಎಬ್ಸಿ ಒಳ್ಗಾಕಿ ದಾರ ಕಟ್ಟಿಟ್ಟೆ. ಯಾರ್ಗೂ ತಿಳೀಲಿಲ್ಲ. ನನ್ ಗಂಡುಂಗೂ ಏಳ್ಲಿಲ್ಲ. ಎಪ್ಪತ್ತೊಂದ್ ವರ್ಸ ಆಯ್ತು. ಚರ್ಚಿಗ್ ಕೊಟ್ಬುಟ್ರೆ ಮುಗೀತು ಅಂದ್ಕೊಂಡೆ. ನೀವು ದೇವ್ರ ಮೇಲ್ ಪ್ರಮಾಣ ಮಾಡಿ ಎಬ್ಬೆಟ್ಟೊತ್ತು ಅಂದ್ರಿ. ಸುಳ್ಳಿಗ್ ಎಂಗಪ್ಪ ಒತ್ಲಿ?

ನಿನ್ನ ಅಣೆಗ್ ಇಟ್ಟಿದ್ದು ಶಿಲುಬೆಯಲ್ಲ. ನಮ್ ಮನೆ ಒಸ್ಲು. ನನ್ ಕ್ಷಮ್ಸು ಅಂತ ಕೇಳೋಕೂ ನಂಗ್ ಬಾಯಿಲ್ಲ.

ಇಷ್ಟು ಅವರದು. ನನ್ನದು ಎರಡೇ ಮಾತು. ಅವಮಾನ ಅಂದುಕೊಂಡೆ, ಜಮೀನಿನ ಭಯ ಅಂದುಕೊಂಡೆ. ಮೂವತ್ತೆಂಟು ವರ್ಷ ಒಂದೇ ಒಲೆಯ ಮುಂದೆ ಕುಳಿತೂ ಇವರನ್ನು ನಾನು ಓದಿಕೊಳ್ಳಲಿಲ್ಲ. ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ, ಬೇಗ ಬರೆ. ಅತ್ತೆ ಗೇಟಿನ ಸದ್ದಾದರೆ ಎದ್ದು ಕೂರುತ್ತಾರೆ.

ನಾಗಲಕ್ಷ್ಮಿ


ಪ್ಯಾರಿಸ್
4 ಸೆಪ್ಟೆಂಬರ್ 2025

ಅಜ್ಜಿಯವರಿಗೆ, ಟೀಚರ್‌ಗೆ,

ನಾಲ್ಕು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಸಿಟ್ಟಿತ್ತು. ಎರಡನೆಯದರಲ್ಲಿ ಏನೂ ಆಗಿಲ್ಲ ಎಂಬ ಸುಳ್ಳಿತ್ತು. ಮಿಕ್ಕ ಎರಡನ್ನು ಮುಗಿಸಲೇ ಇಲ್ಲ. ಎರಡು ದಿನ ಚರ್ಚಿನ ಪೂಜೆಯಲ್ಲಿ ಕೈಯೆತ್ತಿದಾಗ ನನ್ನ ಹಣೆಯೇ ನೆನಪಾಗುತ್ತಿತ್ತು. ಯಾವುದನ್ನು ನಂಬಿ ಇಷ್ಟು ದೂರ ಬಂದೆ ಎನ್ನಿಸಿತು.

ನಿಯಮ ಮೊದಲು ಹೇಳಿಬಿಡುತ್ತೇನೆ. ಅದು ಪೀಠದ ಮೇಲೆ ಹೋಗುವಂತಿಲ್ಲ. ಅಲ್ಲಿ ಸುಳ್ಳಿಗೆ ಜಾಗವಿಲ್ಲ, ನಮ್ಮ ಪ್ರೀತಿಯ ಸುಳ್ಳಿಗೂ ಇಲ್ಲ.

ಇನ್ನೊಂದು ಮಾತು. ಅಜ್ಜಿ, ನೀವು ನಮ್ಮನ್ನು ಆ ಹೊಸ್ತಿಲು ದಾಟಲು ಎಂದೂ ಬಿಟ್ಟಿರಲಿಲ್ಲ. ಪ್ರತಿ ವರ್ಷ ನಾವು ಜಗುಲಿಯಲ್ಲೇ ನಿಲ್ಲುತ್ತಿದ್ದೆವು. ಜ್ವರದ ದಿನ ಮಳೆ, ನನಗೆ ಮೈ ಸುಡುತ್ತಿತ್ತು, ಆಗಲೂ ಅಮ್ಮ ಜಗುಲಿಯಲ್ಲೇ ನಿಂತಿದ್ದಳು. ನೀವೂ ಒಳಗೆ ಬಾ ಅನ್ನಲಿಲ್ಲ, ಅವಳೂ ಕೇಳಲಿಲ್ಲ. ಆ ಹೊಸ್ತಿಲನ್ನೇ ನೀವು ನಮ್ಮ ಕಣ್ಣಿಗೆ, ನನ್ನ ಹಣೆಗೆ ಒತ್ತಿದ್ದು. ಇದು ನೆನೆದರೆ ನನಗೆ ನಗು ಬರುತ್ತದೆ, ನೋವೂ ಆಗುತ್ತದೆ. ಎರಡನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ.

ಜ್ವರ ಬಿಟ್ಟದ್ದಂತೂ ನಿಜ. ಯಾಕೆ ಬಿಟ್ಟಿತು ಎಂದು ನನಗೆ ಗೊತ್ತಿಲ್ಲ. ಮೊದಲು ಗೊತ್ತಿದೆ ಅಂದುಕೊಂಡಿದ್ದೆ, ಅಷ್ಟೇ ವ್ಯತ್ಯಾಸ. ನಾನು ಪಾದ್ರಿಯಾಗಿಯೇ ಇರುತ್ತೇನೆ. ನಿಮ್ಮ ಮೇಲೆ ಸಿಟ್ಟು ಉಳಿದಿಲ್ಲ.

ಫಾದರ್ ಮೊರೆಲ್ ಪಿಳ್ಳಪ್ಪನವರಿಗೆ ಕೊಟ್ಟ ಡಬ್ಬಿ ಇನ್ನೂ ಇದೆ. ಅದನ್ನು ಕೊಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಕೊಡಿ. ನನ್ನ ಅಮ್ಮನಿಗೂ ನೀವೇ ಹೇಳಿ. ಅವಳಿಗೆ ಹೇಳುವ ಧೈರ್ಯ ನನಗಿಲ್ಲ.

ಚೌರಪ್ಪ


ಕೊಡಿಗೇಹಳ್ಳಿ
15 ಸೆಪ್ಟೆಂಬರ್ 2025

ಚೌರಿ,

ನಿನ್ನ ಕಾಗದ ಓದಿದ ದಿನ ಅತ್ತೆ ಮೂರು ತಿಂಗಳ ಮೇಲೆ ಪೂರ್ತಿ ಮುದ್ದೆ ಉಂಡರು. ಹೊಸ್ತಿಲಿನ ಮಾತು ಬಂದಾಗ ಮಾತ್ರ, "ಅದ್ನ ಇನ್ನೊಂದ್ ಸಲ ಓದು" ಎಂದರು. ಓದಿದೆ.

ಫಾದರ್‌ಗೆ ಮುಂಚೆಯೇ ತಿಳಿಸಿದ್ದೆ. ಗಲ್ಲ ಉಜ್ಜಿಕೊಂಡು, "ಡಬ್ಬಿ ಬರ್ಲಿ ಮೇಡಂ, ನಿಜಾನೂ ಬರ್ಲಿ" ಎಂದರು. ಒಳ್ಳೆಯ ಮನುಷ್ಯ.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮವರು ಬ್ಯಾಂಡು, ಮೇಣದ ಬತ್ತಿ ಸಮೇತ ಬಂದು ಎಂದಿನಂತೆ ಜಗುಲಿಯಲ್ಲಿ ನಿಂತರು. ಅತ್ತೆ ಡಬ್ಬಿ ಹಿಡಿದು ಹೊಸ್ತಿಲ ಒಳಗಡೆಯೇ ನಿಂತುಬಿಟ್ಟರು. "ಇವತ್ ನಾನ್ ಈಚಿಗ್ ಬರಕಿಲ್ಲ. ಬೇಕಾದೋರು ಒಳಿಕ್ ಬನ್ನಿ."

ಯಾರೂ ಕದಲಲಿಲ್ಲ. ಬ್ಯಾಂಡಿನವರು ತಾವಾಗಿಯೇ ನಿಲ್ಲಿಸಿದರು. ಕೊನೆಗೆ ನಿನ್ನ ಅಮ್ಮ ಮುಂದೆ ಬಂದು, "ದಿಟ್ವಾಗ್ಲೂವಾ?" ಎಂದಳು.

"ಬಾರೇ ಜಪಮಾಲಿ. ಇಷ್ಟ್ ವರ್ಸ ಕರೀದೆ ಇದ್ದಿದ್ದು ನನ್ ತಪ್ಪು."

ಜಪಮಾಲಮ್ಮ ಚಪ್ಪಲಿ ಬಿಟ್ಟು ಬಲಗಾಲಿಟ್ಟು ಒಳಗೆ ಬಂದಳು. ಅವಳ ಹಿಂದೆ ಎಲ್ಲರೂ ಬಂದರು. ನಡುಮನೆ ಹಿಡಿಸದೆ ಅಡುಗೆಮನೆಯವರೆಗೂ ನಿಂತರು. ಅಲ್ಲಿ ಅತ್ತೆ ಎಲ್ಲ ಹೇಳಿದರು, ನಿನಗೆ ಬರೆಸಿದ ಹಾಗೆಯೇ, ಒಂದು ಮಾತೂ ಕಡಿಮೆ ಮಾಡದೆ. ಹಿಂದೆ ಯಾರೋ, "ಇಷ್ಟು ವರ್ಷ ನಮಗೆ ಮೋಸ ಮಾಡಿದ್ರಾ?" ಎಂದರು. "ಔದು, ಮೋಸಾನೇ" ಎಂದರು ಅತ್ತೆ. ಇಬ್ಬರು ಹೊರಟುಹೋದರು, ಹೋಗುವವರನ್ನು ಅತ್ತೆ ತಡೆಯಲಿಲ್ಲ.

ನಿನ್ನ ಅಮ್ಮನ ಮುಖ ನೋಡಲು ನನಗೆ ಭಯವಾಗಿತ್ತು. ಅವಳು ಗಾಜಿನ ಮೇಲೆ ಬೆರಳಿಟ್ಟು, "ನನ್ ಮಗಿಗ್ ಮುಟ್ಸಿದ್ದು ಇದೇನಾ?" ಎಂದಳು.

"ಇದೇ ಕಣವ್ವ."

"ಅಂಗಾರೆ ಇದು ನಂಗ್ ಕೊಡು."

ಅತ್ತೆ ಫಾದರ್ ಕಡೆ ನೋಡಿದರು. "ಚಕ್ಕೆ ಚರ್ಚಿಂದಲ್ಲ ಅಜ್ಜಿ, ನಿಮ್ಮನೇದು. ಯಾರಿಗ್ ಬೇಕಾದ್ರೂ ಕೊಡಿ" ಎಂದರು ಅವರು. ಅರಿಶಿನ ದಾರ ಬಿಚ್ಚಿ ಅತ್ತೆ ಚಕ್ಕೆ ತೆಗೆದುಕೊಟ್ಟರು. ಈ ಸಲ ಅದು ಕೆಳಗೆ ಬೀಳಲಿಲ್ಲ. ಜಪಮಾಲಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಈಗ ಎಲ್ಲಿಟ್ಟಿದ್ದಾಳೋ, ಫೋನು ಮಾಡಿ ನೀನೇ ಕೇಳು.

ಖಾಲಿ ಡಬ್ಬಿಯನ್ನು ಅತ್ತೆಯೇ ಹಿಡಿದುಕೊಂಡು ಚರ್ಚಿನವರೆಗೂ ನಡೆದರು. ಮೊದಲ ಬೆಂಚಿನಲ್ಲಿ ಕೂರಿಸಿದರು. ಪೀಠದ ಮೇಲೆ ಇಡಲಿಲ್ಲ, ಬಾಗಿಲ ಪಕ್ಕದ ಗಾಜಿನ ಬೀರುವಿನಲ್ಲಿ, ಫಾದರ್ ಮೊರೆಲ್ಲರ ಕಾಗದದ ಜೊತೆ ಇಟ್ಟರು. ಫಾದರ್ ಚರ್ಚಿನ ಪುಸ್ತಕದಲ್ಲಿ ಬರೆದರು: ಪಿಳ್ಳಪ್ಪನವರ ಮನೆಯಿಂದ ಡಬ್ಬಿ ವಾಪಸು ಬಂದಿದೆ, ಒಳಗಿದ್ದ ಶಿಲುಬೆಯ ಚೂರು 1954ರಲ್ಲಿ ಮುನಿವೆಂಕಟಮ್ಮ ತೊಳೆಯುವಾಗ ನೀರಿನಲ್ಲಿ ಹೋಯಿತು.

ಅತ್ತೆ ನನ್ನ ಕೈಯಲ್ಲಿ ಅದನ್ನು ಎರಡು ಸಲ ಓದಿಸಿದರು. ಆಮೇಲೆ ಯಾರೂ ಕೇಳದೆಯೇ ಸೆರಗಿನಿಂದ ಕೈ ಈಚೆ ತೆಗೆದು, ಮಸಿ ಕೊಡಿ ಎಂದು ಹೆಬ್ಬೆಟ್ಟು ಚಾಚಿದರು.

ನಾಗಲಕ್ಷ್ಮಿ ಟೀಚರ್